ಜೇನುನೊಣ ನೋಡಬೇಡಿ, ಸ್ಪ್ರಿಂಗು ನೋಡಿ

ಪ್ಯಾರಿಸ್ಸಿನ ಉಡುಗೊರೆ ಅಂಗಡಿಗಳಲ್ಲಿ ಐಫೆಲ್ ಗೋಪುರದ ಕೀಗೊಂಚಲುಗಳ ಪಕ್ಕದಲ್ಲೇ ಒಂದು ಮಡಚುವ ಚಾಕು ಮಾರಾಟಕ್ಕಿರುತ್ತದೆ. ಸಪೂರವಾದ ಹಿಡಿ, ಹಿಡಿಗೊಂದು ಸಣ್ಣ ಬಳುಕು, ಬೆನ್ನ ಮೇಲೆ ಲೋಹದ ಪುಟ್ಟ ಜೇನುನೊಣ, ಅಲಗಿನ ಮೇಲೆ ಲಾಯೋಲ್ ಎಂಬ ಹೆಸರು. ಹತ್ತಿಪ್ಪತ್ತು ಯೂರೋ ಕೊಟ್ಟರೆ ಅದು ನಿಮ್ಮದು. ಇದೇ ಆಕಾರ, ಇದೇ ನೊಣ, ಇದೇ ಹೆಸರಿನ ಇನ್ನೊಂದು ಚಾಕು ದಕ್ಷಿಣ ಫ್ರಾನ್ಸಿನ ಯಾವುದೋ ಕಾರ್ಯಾಗಾರದ ಗಾಜಿನ ಕಪಾಟಿನಲ್ಲಿ ಅದರ ಹತ್ತು ಪಟ್ಟು ಬೆಲೆಗೆ ಕುಳಿತಿರುತ್ತದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಸಿದ್ಧ ಉತ್ತರ ಒಂದಿದೆ: ಅದು ಯಂತ್ರದ್ದು, ಇದು ಕೈಕೆಲಸದ್ದು. ದುಬಾರಿ ಚಾಕುವಿನ ಅಲಗು ಒಂದು ಪಕ್ಕಕ್ಕೆ ವಾಲಿದೆ, ಹಿಡಿಯ ಸಂದಿಯಲ್ಲಿ ಬೆಳಕು ಕಾಣುತ್ತಿದೆ ಎಂದು ತೋರಿಸಿದರೂ ಅದೇ ಉತ್ತರ ಬರುತ್ತದೆ: ಕೈಕೆಲಸ ಎಂದಮೇಲೆ ಅಷ್ಟಿಷ್ಟು ಇದ್ದದ್ದೇ. ಈ ಸಮಜಾಯಿಷಿಯನ್ನು ಒಪ್ಪಬೇಕಾಗಿಲ್ಲ. ಫ್ರಾನ್ಸಿನ ಸಾಂಪ್ರದಾಯಿಕ ಜೇಬುಚಾಕುಗಳ ದೋಷಗಳಲ್ಲಿ ಎರಡು ಜಾತಿ. ಕೆಲವು ಅದರ ರಚನೆಯಿಂದಲೇ ಬಂದವು. ಅವನ್ನು ಗೊತ್ತಿದ್ದೇ ಕೊಳ್ಳಬೇಕು, ಸಹಿಸಬೇಕು. ಉಳಿದವು ಮಾಡಿದವರ, ಮಾಡಿಸಿದವರ ಅಸಡ್ಡೆಯಿಂದ ಬಂದವು. ಪರಂಪರೆಯ ಹೆಸರು ಹೇಳಿ ಅವನ್ನು ಕ್ಷಮಿಸಿದರೆ ಕೆಡುವುದು ಪರಂಪರೆಯೇ.

ಮೊದಲು ಈ ಚಾಕು ಹೇಗೆ ಕೆಲಸ ಮಾಡುತ್ತದೆ ನೋಡೋಣ. ಹಿಡಿಯ ಎರಡು ಪಕ್ಕಗಳ ನಡುವೆ, ಬೆನ್ನುದ್ದಕ್ಕೂ, ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದೇ ಸ್ಪ್ರಿಂಗು. ಅಲಗಿನ ಬುಡ ಒಂದು ರಿವೆಟ್ಟಿನ ಸುತ್ತ ತಿರುಗುವಾಗ ಸ್ಪ್ರಿಂಗಿನ ತುದಿಯನ್ನು ಮೇಲಕ್ಕೆತ್ತುತ್ತದೆ. ಪೂರ್ತಿ ತೆರೆದಾಗ ಸ್ಪ್ರಿಂಗು ಮತ್ತೆ ಕೆಳಗಿಳಿದು ಬುಡದ ಸಪಾಟು ಅಂಚನ್ನು ಒತ್ತಿ ಹಿಡಿಯುತ್ತದೆ. ಬೀಗವಿಲ್ಲ. ಬೀಗದ ಚಾಕುವಿಗೂ ಇದಕ್ಕೂ ಅಗಳಿ ಹಾಕಿದ ಬಾಗಿಲಿಗೂ ಚೌಕಟ್ಟಿಗೆ ಬಿಗಿಯಾಗಿ ಕೂತ ಬಾಗಿಲಿಗೂ ಇರುವಷ್ಟೇ ಅಂತರ. ಸಾಕಷ್ಟು ಬಲ ಹಾಕಿದರೆ ಅಲಗು ಮಡಚಿಕೊಳ್ಳುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನ ಹಳೆಯ ಚಾಕುಗಳದ್ದೂ ಸ್ವಿಟ್ಜರ್ಲೆಂಡಿನ ಸೈನಿಕ ಚಾಕುವಿನದ್ದೂ ಮೂಲತಃ ಇದೇ ಏರ್ಪಾಡು. ಫ್ರೆಂಚರು ಅದಕ್ಕೊಂದು ತಿರುವು ಕೊಟ್ಟರು. ಲಾಯೋಲ್ ಚಾಕುವಿನಲ್ಲಿ ಸ್ಪ್ರಿಂಗಿನ ತುದಿಗೆ ಚಿಕ್ಕ ಹಲ್ಲೊಂದಿದ್ದು, ಅಲಗಿನ ಬುಡದಲ್ಲಿ ಕೊರೆದ ಕಚ್ಚಿಗೆ ಅದು ಬಂದು ಕೂರುತ್ತದೆ. ಬೀಗದಷ್ಟು ಭದ್ರವಲ್ಲ, ಬರೀ ಒತ್ತಡಕ್ಕಿಂತ ಭದ್ರ. ಆ ಹಲ್ಲು ಆ ಕಚ್ಚಿಗೆ ಕೂದಲೆಳೆಯ ಸಂದಿಲ್ಲದೆ ಕೂರಬೇಕಾದರೆ ಅರವನ್ನು ಕೈಯಲ್ಲಿ ಹಿಡಿದು, ಉಜ್ಜಿ, ಜೋಡಿಸಿ, ಬಿಚ್ಚಿ, ಮತ್ತೆ ಉಜ್ಜಬೇಕು. ಕೈಕೆಲಸ ಬೆಲೆ ಬಾಳುವ ಜಾಗ ಇದು. ಹಿಡಿಯ ಮೇಲಿನ ಅಲಂಕಾರ ಆಮೇಲಿನ ಮಾತು.

ಓಬ್ರಾಕ್ ಪ್ರಸ್ಥಭೂಮಿಯ ಲಾಯೋಲ್ ಎಂಬ ಸಣ್ಣ ಊರಿನಲ್ಲಿ ಈ ಚಾಕು ರೂಪ ಪಡೆದದ್ದು 1829ರ ಸುಮಾರಿಗೆ, ಪಿಯೆರ್-ಜಾನ್ ಕಾಲ್ಮೆಲ್ಸ್ ಎಂಬ ಕುಶಲಕರ್ಮಿಯ ಕೈಯಲ್ಲಿ ಎನ್ನುತ್ತದೆ ಊರಿನ ಇತಿಹಾಸ. ಅಲ್ಲಿನ ದನಗಾಹಿಗಳು ಅದಕ್ಕೂ ಮೊದಲು ಮಡಚಲಾಗದ, ಮರದ ಹಿಡಿಯ ಚೂರಿ ಬಳಸುತ್ತಿದ್ದರು. ಚಳಿಗಾಲದಲ್ಲಿ ಕೂಲಿಗೆಂದು ಸ್ಪೇನಿಗೆ ಹೋಗಿ ಬರುತ್ತಿದ್ದವರು ಅಲ್ಲಿನ ನವಾಹಾ ಎಂಬ ಮಡಚುವ ಚೂರಿಯನ್ನು ಕಂಡಿದ್ದರು. ಎರಡೂ ಸೇರಿ ಲಾಯೋಲ್ ಹುಟ್ಟಿತು. 1840ರ ಸುಮಾರಿಗೆ ತೊಗಲಿಗೆ ತೂತು ಹಾಕಲು, ದನದ ಹೊಟ್ಟೆಯುಬ್ಬರಕ್ಕೆ ಚುಚ್ಚಲು ಒಂದು ದಬ್ಬಳ ಸೇರಿತು. ಓಬ್ರಾಕಿನ ಜನ ಹೊಟ್ಟೆಪಾಡಿಗೆ ಪ್ಯಾರಿಸ್ಸಿಗೆ ವಲಸೆ ಹೋಗಿ ಇದ್ದಿಲು, ವೈನು ಮಾರುವ ಅಂಗಡಿಗಳನ್ನು ತೆರೆದ ಮೇಲೆ, 1880ರ ಹೊತ್ತಿಗೆ, ಬಿರಡೆ ತೆಗೆಯುವ ತಿರುಪುಳಿಯೂ ಬಂತು. ಒಂದೊಂದು ಅಂಗವೂ ಬಳಸುವವರ ಕಸುಬಿನಿಂದ ಬಂದದ್ದು. ಜೇನುನೊಣ ಮಾತ್ರ ಇಪ್ಪತ್ತನೆಯ ಶತಮಾನದ ಆರಂಭದ ಅಲಂಕಾರ. ನೆಪೋಲಿಯನ್ ಆ ಊರಿನವರ ಶೌರ್ಯ ಮೆಚ್ಚಿ ಕೊಟ್ಟ ಲಾಂಛನ ಎಂದು ಅಂಗಡಿಯವರು ಹೇಳುವ ಕತೆ ಕೇಳಲು ಚೆನ್ನ. ಆದರೆ ನೆಪೋಲಿಯನ್ ತೀರಿಕೊಂಡದ್ದು 1821ರಲ್ಲಿ, ಚಾಕು ಹುಟ್ಟುವುದಕ್ಕೂ ಮೊದಲು.

ಚೆನ್ನಾಗಿ ಮಾಡಿದ ಲಾಯೋಲಿನ ಗುಣವನ್ನು ಒಪ್ಪಲೇಬೇಕು. ಒಂದೇ ಅಲಗು, ಉದ್ದವಾಗಿ, ಕಿರಿದಾಗಿ, ಮೊನೆಯತ್ತ ಸಪೂರವಾಗುತ್ತ ಹೋಗುತ್ತದೆ. ಬ್ರೆಡ್ಡು, ಚೀಸು, ಒಣಮಾಂಸ, ಹಣ್ಣು, ಇಷ್ಟಕ್ಕೆ ಇದಕ್ಕಿಂತ ಹಿತವಾದ ಜೇಬುಚಾಕು ಸಿಗುವುದು ಕಷ್ಟ. ಒಬ್ಬೊಬ್ಬರೂ ತಂತಮ್ಮ ಚಾಕುವನ್ನು ಜೇಬಿನಿಂದ ತೆಗೆದು ಊಟಕ್ಕೆ ಕೂರುವ ಹಳ್ಳಿಗಾಡಿನ ರೂಢಿಗೆ ಹೊಂದಿ ಬೆಳೆದ ವಸ್ತು ಅದು. ಬಳುಕಿದ ಹಿಡಿ ಅಂಗೈಗೆ ಕೂರುತ್ತದೆ, ಜೇಬಿಗೆ ಭಾರವಾಗುವುದಿಲ್ಲ. ಬಿಗಿ ಸ್ಪ್ರಿಂಗಿನ ಒಂದು ಚಾಕುವನ್ನು ನಿಧಾನವಾಗಿ ತೆರೆಯುವಾಗ ಬೆರಳಿಗೆ ಸಿಗುವ ಒಂದೇ ಸಮನಾದ ಪ್ರತಿರೋಧ, ಕೊನೆಯಲ್ಲಿ ಹಲ್ಲು ಕಚ್ಚಿಗೆ ಬೀಳುವ ಗಟ್ಟಿತನ, ಇವೆರಡೂ ಯಾವ ಬಣ್ಣದ ಮಾತಿಗಿಂತ ಒಳ್ಳೆಯ ಸಾಕ್ಷಿ.

ಇನ್ನು ದೋಷ. ರಚನೆಯಿಂದ ಬಂದವುಗಳಲ್ಲಿ ಮುಖ್ಯವಾದದ್ದನ್ನು ಮಾರುವವರು ಮೆಲ್ಲಗೆ ಹೇಳುತ್ತಾರೆ, ಕೊಳ್ಳುವವರು ತಡವಾಗಿ ಕಲಿಯುತ್ತಾರೆ: ಚಾಕುವನ್ನು ಫಟ್ ಎಂದು ಮುಚ್ಚಬಾರದು. ಮಡಚಿದ ಅಲಗಿನ ಹರಿತವಾದ ಅಂಚು ಒಳಗಿನ ಸ್ಪ್ರಿಂಗಿಗೆ ತಾಗದಂತೆ ಕಾಯುವುದು ಅಲಗಿನ ಬುಡದಲ್ಲಿರುವ ಒಂದು ಸಣ್ಣ ಉಬ್ಬು. ಆ ಉಬ್ಬು ಸ್ಪ್ರಿಂಗಿನ ಮೇಲೆ ಕೂತು ಅಲಗನ್ನು ಕೊಂಚ ಎತ್ತರದಲ್ಲಿ ನಿಲ್ಲಿಸುತ್ತದೆ. ಅಲಗನ್ನು ಬೀಳಬಿಟ್ಟರೆ, ಬಂದ ರಭಸಕ್ಕೆ ಸ್ಪ್ರಿಂಗು ಬಾಗಿ, ಆ ಕೊಂಚ ಅಂತರವೂ ಮಾಯವಾಗಿ, ಅಂಚು ಉಕ್ಕಿಗೆ ಬಡಿಯುತ್ತದೆ. ಅಲಗಿನ ನಡುವೆ ಒಂದು ಮೊಂಡು ಚುಕ್ಕೆ ಬೀಳುತ್ತದೆ. ಉಬ್ಬನ್ನು ದೊಡ್ಡದು ಮಾಡಿದರಾಯಿತಲ್ಲ ಎನ್ನಬಹುದು. ಮಾಡಿದರೆ ಮಡಚಿದ ಅಲಗು ಅಷ್ಟೂ ಮೇಲೆ ನಿಂತು, ಮೊನೆ ಹಿಡಿಯಿಂದ ಹೊರಗೆ ಇಣುಕಿ ಜೇಬನ್ನೂ ಬೆರಳನ್ನೂ ಕೀರುತ್ತದೆ. ಹಿಡಿಯನ್ನೇ ಅಗಲ ಮಾಡಿದರೆ ಆ ಸಪೂರ ಆಕಾರವೇ ಹೋಯಿತು. ಸ್ಪ್ರಿಂಗನ್ನು ಮೆದು ಮಾಡಿದರೆ ತೆರೆದ ಅಲಗು ನೆಚ್ಚಲಾರದಷ್ಟು ಸಡಿಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚುತ್ತದೆ. ಹೀಗಾಗಿ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮುಚ್ಚುವುದು ಈ ಚಾಕುವಿನ ಜೊತೆಗೇ ಬರುವ ಶಿಸ್ತು. ಗೊತ್ತಿಲ್ಲದೆ ಕೊಂಡವರಿಗೆ ದೋಷ, ಗೊತ್ತಿದ್ದು ಕೊಂಡವರಿಗೆ ಷರತ್ತು.

ಹಿಡಿಯ ವಸ್ತುವಿನದ್ದೂ ಇದೇ ಜಾತಿ. ಕೊಂಬು ತೇವ ಹೀರುತ್ತದೆ, ಒಣ ಹವೆಯಲ್ಲಿ ಕುಗ್ಗುತ್ತದೆ. ಕುಗ್ಗಿದಾಗ ರಿವೆಟ್ಟಿನ ತಲೆ ಬೆರಳಿಗೆ ತಾಗುತ್ತದೆ, ಕೆಲವೊಮ್ಮೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ತಿರುಪುಳಿ ಇರುವ ಚಾಕುವಿನ ಹಿಡಿ ದಪ್ಪವಾಗುತ್ತದೆ. ಇವು ಸಹಜ.

ಇವುಗಳ ಜೊತೆಗೆ ಕದ್ದು ಒಳಗೆ ಬರುವ ಇನ್ನೊಂದು ಗುಂಪಿದೆ. ಮಡಚಿದಾಗ ಅಲಗು ನಡುವೆ ನಿಲ್ಲದೆ ಹಿಡಿಯ ಒಳಪಕ್ಕದ ಲೋಹದ ತಗಡಿಗೆ ಉಜ್ಜುವುದು. ತೆರೆದಾಗ ಎಡಬಲಕ್ಕೆ ಅಲ್ಲಾಡುವುದು. ಸ್ಪ್ರಿಂಗಿಗೂ ತಗಡಿಗೂ ನಡುವೆ ಬೆಳಕು ಹಾಯುವಷ್ಟು ಸಂದಿ. ಅಲಗಿನ ಒಂದು ಮುಖ ಹೆಚ್ಚು, ಇನ್ನೊಂದು ಕಡಿಮೆ ಸಾಣೆಯಾಗಿರುವುದು. ಅಂಚಿನ ಹಿಂದೆ ಉಕ್ಕು ದಪ್ಪ ಉಳಿದು, ಎಷ್ಟು ಹರಿತ ಮಾಡಿದರೂ ಸೇಬನ್ನು ಕೊಯ್ಯುವ ಬದಲು ಸೀಳುವುದು. ಕೊನೆಯ ದೋಷದ ಬಗ್ಗೆ ಯಾರೂ ಮಾತಾಡುವುದಿಲ್ಲ, ಏಕೆಂದರೆ ಗಾಜಿನ ಕಪಾಟಿನಲ್ಲಿ ಅದು ಕಾಣುವುದಿಲ್ಲ. ಇವೆಲ್ಲ ಮನುಷ್ಯನ ಕೈಯ ಗುರುತು, ಯಂತ್ರದ ಸಮರೂಪತೆಗೆ ಎದುರಾದ ಜೀವಂತಿಕೆ ಎಂದು ವಾದಿಸುವ ರಸಿಕರಿದ್ದಾರೆ. ಹಿಡಿಯ ಬೆನ್ನಿನ ಮೇಲೆ ಅರದಿಂದ ಕೊರೆದ ಹೂಬಳ್ಳಿ ಒಂದು ಚಾಕುವಿಗಿಂತ ಇನ್ನೊಂದರಲ್ಲಿ ಬೇರೆಯಾಗಿದ್ದರೆ ಆ ಮಾತು ಸರಿ. ಅಲಗು ಅಲ್ಲಾಡಿದರೆ ಅದು ಯಾವ ಕೈಯ ಗುರುತು? ಕೈಗೆ ಇರುವ ಒಂದೇ ದೊಡ್ಡ ಅನುಕೂಲವೆಂದರೆ ಪ್ರತಿ ಚಾಕುವನ್ನೂ ಅದರದರ ಅಳತೆಗೆ ತಿದ್ದಬಹುದು ಎಂಬುದು. ತಿದ್ದದೆ ಬಿಟ್ಟ ಕೈ ಯಂತ್ರಕ್ಕಿಂತ ಕಡೆ.

ಇದಕ್ಕೆ ಪುರಾವೆ ಹುಡುಕಿಕೊಂಡು ಸ್ವಿಟ್ಜರ್ಲೆಂಡಿಗೋ ಜಪಾನಿಗೋ ಹೋಗಬೇಕಾಗಿಲ್ಲ, ಫ್ರಾನ್ಸಿನೊಳಗೇ ಇದೆ. ಲಾಯೋಲಿನಿಂದ ಉತ್ತರಕ್ಕೆ, ದ್ಯುರೋಲ್ ಎಂಬ ಹೊಳೆಯ ಕೊಳ್ಳದಲ್ಲಿ, ತಿಯೇರ್ ಎಂಬ ಪಟ್ಟಣವಿದೆ. ಹಲವು ಶತಮಾನಗಳಿಂದ ಚಾಕುವೇ ಅದರ ಕಸುಬು. ಫ್ರಾನ್ಸಿನಲ್ಲಿ ತಯಾರಾಗುವ ಚಾಕು ಚೂರಿಗಳಲ್ಲಿ ಬಹುಪಾಲು ಇಂದಿಗೂ ಇಲ್ಲಿಯವೇ. ಹೊಳೆಯ ನೀರಿನಿಂದ ತಿರುಗುವ ಸಾಣೆಕಲ್ಲುಗಳ ಮೇಲೆ ಹಲಗೆ ಹಾಕಿ, ಸಾಣೆಗಾರರು ಅದರ ಮೇಲೆ ಬೋರಲು ಮಲಗಿ ಅಲಗು ಉಜ್ಜುತ್ತಿದ್ದರು. ಚಳಿಗೆ ಕಾಲು ಮರಗಟ್ಟದಿರಲೆಂದು ನಾಯಿಗಳನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಇಲ್ಲಿ ಒಬ್ಬರೇ ಇಡೀ ಚಾಕು ಮಾಡುವ ಪದ್ಧತಿ ಇರಲಿಲ್ಲ. ಒಂದು ಮನೆಯಲ್ಲಿ ಅಲಗು ಬಡಿದರೆ ಇನ್ನೊಂದರಲ್ಲಿ ಸಾಣೆ, ಮತ್ತೊಂದರಲ್ಲಿ ಹಿಡಿ, ಮಗದೊಂದರಲ್ಲಿ ಜೋಡಣೆ. ಲಾಯೋಲ್ ಚಾಕುವಿಗೆ ಬೇಡಿಕೆ ಏರಿ ಊರಿನವರ ಕೈ ಸಾಲದಾದಾಗ ಅದನ್ನು ಮಾಡಿ ಫ್ರಾನ್ಸಿಗೆಲ್ಲ ಹಂಚಿದ್ದೂ ತಿಯೇರೇ. ಮೊದಲ ಮಹಾಯುದ್ಧದ ನಂತರದ ದಶಕಗಳಲ್ಲಿ ಲಾಯೋಲ್ ಊರಿನಲ್ಲಿ ತಯಾರಿಕೆ ಹೆಚ್ಚುಕಡಿಮೆ ನಿಂತೇಹೋಗಿತ್ತು. ಮತ್ತೆ ಕುಲುಮೆ ಹೊತ್ತಿದ್ದು 1980ರ ದಶಕದಲ್ಲಿ. 1987ರಲ್ಲಿ ಶುರುವಾದ ಫೋರ್ಜ್ ದ ಲಾಯೋಲ್ ಕಂಪನಿಯ ಕಾರ್ಖಾನೆಯನ್ನು ವಿನ್ಯಾಸಕ ಫಿಲಿಪ್ ಸ್ಟಾರ್ಕ್ ರೂಪಿಸಿದರು. ಅದರ ಚಾವಣಿಯಿಂದ 18 ಮೀಟರ್ ಎತ್ತರದ ಅಲಗೊಂದು ಆಕಾಶಕ್ಕೆ ಚಾಚಿಕೊಂಡಿದೆ. ಅಲ್ಲಿ ಒಬ್ಬ ಕುಶಲಕರ್ಮಿ ಒಂದು ಚಾಕುವನ್ನು ಮೊದಲಿಂದ ಕೊನೆಯವರೆಗೆ ಜೋಡಿಸುವುದೇ ಹೆಮ್ಮೆಯ ವಿಷಯ. ಹೆಮ್ಮೆಪಡಬೇಕಾದ್ದೇ ಸರಿ. ಆದರೆ ಒಬ್ಬನೇ ಮಾಡಿದ್ದರಿಂದ ಚಾಕು ಉತ್ತಮವಾಗುತ್ತದೆ, ಹತ್ತು ಜನ ಹಂಚಿಕೊಂಡು ಮಾಡಿದರೆ ಕಡಿಮೆಯಾಗುತ್ತದೆ ಎಂಬ ತೀರ್ಮಾನಕ್ಕೆ ತಿಯೇರಿನ ಚರಿತ್ರೆ ಆಸ್ಪದ ಕೊಡುವುದಿಲ್ಲ.

ತಿಯೇರಿನದೇ ಒಂದು ಕಡುಬಡವ ಚಾಕು ನೋಡಿ: ಡುಕ್-ಡುಕ್. ಕೊಗ್ನೆ ಎಂಬ ಮನೆತನದ ಕಾರ್ಖಾನೆ 1929ರಲ್ಲಿ ಅದನ್ನು ಹೊರತಂದದ್ದು ಪೆಸಿಫಿಕ್ ದ್ವೀಪಗಳ ಮಾರುಕಟ್ಟೆಗಾಗಿ. ಹಿಡಿಯ ಮೇಲೆ ಮೆಲನೇಷಿಯಾದ ದೈವವೊಂದರ ಚಿತ್ರ. ಹಿಡಿ ಎಂದರೆ ಮಡಿಸಿದ ಒಂದು ಉಕ್ಕಿನ ತಗಡು, ಅಷ್ಟೇ. ಕೊಂಬಿಲ್ಲ, ಮರವಿಲ್ಲ, ಹಿತ್ತಾಳೆಯ ಕಟ್ಟಿಲ್ಲ. ಅಲಗು, ಸ್ಪ್ರಿಂಗು, ತಗಡು, ರಿವೆಟ್ಟು. ಸ್ಪ್ರಿಂಗು ಉಗುರು ಕಿತ್ತುಬರುವಷ್ಟು ಬಿಗಿ, ಕಾರ್ಬನ್ ಉಕ್ಕಿನ ತೆಳು ಅಲಗು ಒಳ್ಳೆಯ ಹರಿತ ಹಿಡಿಯುತ್ತದೆ, ಒದ್ದೆ ಬಿಟ್ಟರೆ ತುಕ್ಕೂ ಹಿಡಿಯುತ್ತದೆ, ಹೊತ್ತುಗಟ್ಟಲೆ ಹಿಡಿದು ಕೆಲಸ ಮಾಡಿದರೆ ತಗಡಿನ ಅಂಚು ಅಂಗೈ ನೋಯಿಸುತ್ತದೆ. ಇಷ್ಟು ಅನಾಕರ್ಷಕ ವಸ್ತು ಉತ್ತರ ಆಫ್ರಿಕಾದವರೆಗೆ ಜನರ ಜೇಬು ಸೇರಿತು. ಕಾರಣ ಊಹಿಸುವುದು ಕಷ್ಟವಲ್ಲ. ಅಲಂಕಾರಕ್ಕೆ ಹೋಗಬೇಕಾದ ದುಡ್ಡು ಇಲ್ಲಿ ಅಲಗಿಗೂ ಸ್ಪ್ರಿಂಗಿಗೂ ಹೋಗಿದೆ.

ಇನ್ನೊಂದು ಸಾಕ್ಷಿ ಆಲ್ಪ್ಸ್ ಪರ್ವತದ ಸವಾ ಸೀಮೆಯದು. 1890ರಲ್ಲಿ ಜೋಸೆಫ್ ಓಪಿನೆಲ್ ಎಂಬಾತ ರೂಪಿಸಿದ ಚಾಕುವಿಗೆ ಸ್ಪ್ರಿಂಗೇ ಇಲ್ಲ. ಸೀಳಿದ ಮರದ ಹಿಡಿ, ತಿರುಗುವ ಅಲಗು, ಬುಡಕ್ಕೊಂದು ಲೋಹದ ಕಟ್ಟು. 1955ರಲ್ಲಿ ಅದರ ಮೇಲೆ ತಿರುಗಿಸಿ ಬಿಗಿಯುವ ಉಂಗುರ ಬಂತು, ಅದೇ ಬೀಗ. 8ನೇ ಸಂಖ್ಯೆಯ ಓಪಿನೆಲ್‌ಗೆ ಎಂಟೂವರೆ ಸೆಂಟಿಮೀಟರ್ ಅಲಗು, ತೂಕ ಐವತ್ತು ಗ್ರಾಂ ಒಳಗೆ, ಬೆಲೆ ಹದಿನೈದು ಯೂರೋ ಆಸುಪಾಸು. ಅಲಗು ಎಷ್ಟು ತೆಳುವೆಂದರೆ ಟೊಮ್ಯಾಟೊ, ಬ್ರೆಡ್ಡು ಕೊಯ್ಯುವುದರಲ್ಲಿ ದುಬಾರಿ ಲಾಯೋಲ್‌ಗಳನ್ನೇ ಹಿಂದೆ ಹಾಕುತ್ತದೆ. ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ: ಸ್ಪ್ರಿಂಗಿನ ಚಾಕುವನ್ನು ಸ್ಪ್ರಿಂಗಿಲ್ಲದ ಚಾಕುವಿನೊಡನೆ ಹೋಲಿಸುವುದು ಸರಿಯೇ? ಓಪಿನೆಲ್‌ಗೆ ಅದರದೇ ಕಾಟವಿಲ್ಲವೇ? ಇದೆ. ಮಳೆಗೆ ಸಿಕ್ಕಿದರೆ ಬೀಚ್ ಮರದ ಹಿಡಿ ಉಬ್ಬಿ ಅಲಗು ಕಚ್ಚಿಕೊಳ್ಳುತ್ತದೆ. ಆಗ ಹಿಡಿಯ ಬುಡವನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಗೆ ತರುವ ಉಪಾಯವೊಂದು ಸವಾ ಜನರ ಹೆಸರಲ್ಲೇ ಪ್ರಸಿದ್ಧವಾಗಿದೆ. ಇಂಥ ಉಪಾಯ ಬೇಕಾಗುವುದೇ ದೋಷದ ಗುರುತು. ಆದರೆ ಹೋಲಿಕೆಯ ಉದ್ದೇಶ ಯಾರು ಮೇಲು ಎಂದು ತೀರ್ಪು ಕೊಡುವುದಲ್ಲ. ಇಷ್ಟು ಅಗ್ಗದ, ಯಂತ್ರದಿಂದ ಬಂದ ಚಾಕುವಿನಲ್ಲಿ ಅಲಗು ನೇರ ನಿಲ್ಲಬಹುದಾದರೆ, ಅಂಚಿನ ಹಿಂದೆ ತೆಳುವಾಗಿ ಸಾಣೆ ಹಿಡಿಯಬಹುದಾದರೆ, ಹತ್ತು ಪಟ್ಟು ಬೆಲೆಯ ಚಾಕುವಿನಲ್ಲಿ ಅದೇಕೆ ಆಗದು ಎಂಬ ಪ್ರಶ್ನೆಗೆ ಸಂಪ್ರದಾಯ ಎಂಬ ಉತ್ತರ ಸಾಲದು.

ಉಕ್ಕಿನ ವಿಷಯದಲ್ಲಿ ಮಾತ್ರ ಫ್ರೆಂಚ್ ಚಾಕುಗಳ ಮೇಲೆ ಬೀಳುವ ಟೀಕೆ ಅತಿಯಾದದ್ದು. ಇಂದಿನ ಚಾಕುಪ್ರಿಯರು ಗಡಸುತನದ ಅಂಕಿ ಹಿಡಿದು ಮಾತಾಡುತ್ತಾರೆ. ರಾಕ್‌ವೆಲ್ ಮಾಪನದಲ್ಲಿ 60 ದಾಟದ ಉಕ್ಕು ಅವರಿಗೆ ಬೆಣ್ಣೆ. ಫ್ರೆಂಚ್ ಜೇಬುಚಾಕುಗಳಲ್ಲಿ ಹೆಚ್ಚಾಗಿ ಕಾಣುವ ಸ್ವೀಡನ್ನಿನ 12ಸಿ27 ತುಕ್ಕುನಿರೋಧಕ ಉಕ್ಕಿನಲ್ಲಿ ಕಾರ್ಬನ್ ಸುಮಾರು ಶೇಕಡಾ 0.6, ಕ್ರೋಮಿಯಂ ಸುಮಾರು ಶೇಕಡಾ 13.5, ಗಡಸುತನ 55ರಿಂದ 58ರ ನಡುವೆ. ಪಿಂಗಾಣಿ ತಟ್ಟೆಯ ಮೇಲೆ ಮಾಂಸ ಕೊಯ್ಯುವ ಅಲಗಿಗೆ ಇದು ತಕ್ಕ ಉಕ್ಕು. ತಟ್ಟೆಗೆ ತಾಗಿ ಮೊಂಡಾಗುತ್ತದೆ ನಿಜ, ಆದರೆ ಚಕ್ಕೆ ಏಳುವುದಿಲ್ಲ, ಮನೆಯ ಸಾಣೆಕಲ್ಲಿನ ಮೇಲೆ ಐದು ನಿಮಿಷದಲ್ಲಿ ಮತ್ತೆ ಹರಿತವಾಗುತ್ತದೆ. ಹಳೆಯ ಕಾರ್ಬನ್ ಉಕ್ಕು ಇನ್ನೂ ಬೇಗ ಹರಿತವಾಗುತ್ತದೆ. ನಿಂಬೆ, ಈರುಳ್ಳಿ ಕೊಯ್ದರೆ ಕಪ್ಪಾಗುತ್ತದೆ, ಒರೆಸಿ ಎಣ್ಣೆ ಸವರುವ ತಾಳ್ಮೆ ಬೇಕು. ಉಕ್ಕಿನ ಹೆಸರಿಗಿಂತ ಅದನ್ನು ಎಷ್ಟು ತೆಳುವಾಗಿ ಉಜ್ಜಿದ್ದಾರೆ, ಹದ ಹೇಗೆ ಕೊಟ್ಟಿದ್ದಾರೆ ಎಂಬುದೇ ದೊಡ್ಡದು. ಅಲಂಕಾರದ ಅಗ್ಗದ ಲಾಯೋಲ್‌ಗಳು ಸೋಲುವುದು ಇಲ್ಲಿ.

ಆ ಅಗ್ಗದವು ಎಲ್ಲಿಂದ ಬರುತ್ತವೆ? ಚೀನಾದಿಂದ, ಪಾಕಿಸ್ತಾನದಿಂದ, ಕೆಲವು ಯುರೋಪಿನೊಳಗಿಂದಲೂ. ಅವುಗಳ ಮೇಲೆ ಊರಿನ ಹೆಸರು ಹಾಕುವುದು ಬಹುಕಾಲ ಕಾನೂನುಬಾಹಿರವಾಗಿರಲಿಲ್ಲ. ಫ್ರೆಂಚ್ ನ್ಯಾಯಾಲಯಗಳು ಲಾಯೋಲ್ ಎಂಬುದನ್ನು ಒಂದು ಬಗೆಯ ಚಾಕುವಿನ ಸಾಮಾನ್ಯ ಹೆಸರು ಎಂದೇ ಕಂಡಿದ್ದವು. 1993ರಲ್ಲಿ ಊರಿಗೆ ಸಂಬಂಧವಿಲ್ಲದ ಉದ್ಯಮಿಯೊಬ್ಬರು ಆ ಹೆಸರನ್ನು ನಾನಾ ಸರಕುಗಳಿಗೆ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡರು. 2012ರಲ್ಲಿ ನ್ಯಾಯಾಲಯದಲ್ಲಿ ಸೋತ ಊರಿನವರು ತಮ್ಮ ಊರಿನ ನಾಮಫಲಕವನ್ನೇ ಕಿತ್ತು ಪ್ರತಿಭಟಿಸಿದರು. ವೈನಿಗೂ ಚೀಸಿಗೂ ಊರಿನ ಹೆಸರು ಕಾಯುವುದರಲ್ಲಿ ಜಗತ್ತಿಗೇ ಮೇಲ್ಪಂಕ್ತಿ ಹಾಕಿದ ಫ್ರಾನ್ಸಿನಲ್ಲಿ ಕೈಗಾರಿಕಾ ವಸ್ತುಗಳಿಗೆ ಅಂಥ ರಕ್ಷಣೆ ಬಂದದ್ದು 2014ರ ಕಾನೂನಿನಿಂದ. ಭಾರತದ ಭೌಗೋಳಿಕ ಸೂಚಕ ಕಾಯ್ದೆ 1999ರದ್ದು. ಚನ್ನಪಟ್ಟಣದ ಗೊಂಬೆಗೂ ಮೈಸೂರು ರೇಷ್ಮೆಗೂ ಆ ಮುದ್ರೆ ಸಿಕ್ಕ ಎಷ್ಟೋ ವರ್ಷಗಳ ನಂತರವೂ ಲಾಯೋಲ್ ಕಾಯುತ್ತಲೇ ಇತ್ತು. 2022ರಲ್ಲಿ ಫ್ರಾನ್ಸಿನ ಕೈಗಾರಿಕಾ ಸ್ವತ್ತು ಸಂಸ್ಥೆ ಒಂದು ಮಾನ್ಯತೆ ಕೊಟ್ಟಿತು, ತಿಯೇರನ್ನೂ ಒಳಗೊಂಡ ವ್ಯಾಪ್ತಿಗೆ. ಲಾಯೋಲ್ ಇರುವ ಅವೇರೋನ್ ಜಿಲ್ಲೆಯ ತಯಾರಕರು ಅದನ್ನು ವಿರೋಧಿಸಿದರು. ಚರಿತ್ರೆಯನ್ನು ನೋಡಿದರೆ ತಿಯೇರಿನ ಹಕ್ಕನ್ನು ತಳ್ಳಿಹಾಕುವುದು ಕಷ್ಟ. ಊರಿನಲ್ಲಿ ಕುಲುಮೆ ಆರಿದ್ದಾಗ ಆ ಚಾಕುವನ್ನು ಬದುಕಿಸಿದ್ದು ಅವರೇ. ಲಾಯೋಲ್ ಎಂಬುದು ಯಾರು ಬೇಕಾದರೂ ಬಳಸುವ ಹೆಸರಾದದ್ದರಿಂದ ತಿಯೇರಿನವರು ಬೇಗನೆ ಪಾಠ ಕಲಿತಿದ್ದಂತಿದೆ: 1990ರ ದಶಕದಲ್ಲಿ ತಮ್ಮ ಊರಿನದೇ ಹೆಸರಿನ ಹೊಸ ಚಾಕುವೊಂದನ್ನು ರೂಪಿಸುವಾಗ, ಸುತ್ತಲಿನ ತಯಾರಕರು ಮಾತ್ರ ಅದನ್ನು ಬಳಸುವಂತೆ ಮೊದಲೇ ಕಟ್ಟುಪಾಡು ಹಾಕಿಕೊಂಡರು.

ಆದರೆ ಕಾನೂನಿನ ಮುದ್ರೆ ಮುಖ್ಯವಾಗಿ ಹೇಳುವುದು ಚಾಕು ಎಲ್ಲಿ ಮಾಡಿದ್ದು ಎಂದು, ಎಷ್ಟು ಚೆನ್ನಾಗಿ ಮಾಡಿದ್ದು ಎಂದಲ್ಲ. ಇದನ್ನು ಮರೆತರೆ ಮತ್ತೆ ಮೊದಲಿನ ಬಲೆಗೇ ಬಿದ್ದಂತೆ. ಸ್ಪ್ರಿಂಗಿನ ಉಕ್ಕಿನಿಂದಲೇ ಬಡಿದು ತೆಗೆದ ಜೇನುನೊಣ ನಿಜವಾದ ಲಾಯೋಲಿನ ಗುರುತು, ಬೇರೆ ಮಾಡಿ ಬೆಸೆದದ್ದು ಅಗ್ಗದ ಮಾಲು ಎಂದು ಕೊಳ್ಳುವವರಿಗೆ ಕಲಿಸಲಾಗುತ್ತದೆ. ಶ್ರಮದ ಲೆಕ್ಕಕ್ಕೆ ಅದು ಸರಿ. ಆದರೆ ನೊಣ ಚಾಕುವನ್ನು ಹಿಡಿದು ನಿಲ್ಲಿಸುವುದಿಲ್ಲ, ಅದರ ಕೆಳಗಿನ ಹಲ್ಲು ಹಿಡಿದು ನಿಲ್ಲಿಸುತ್ತದೆ.

ಇಷ್ಟೆಲ್ಲ ಏಕೆ, ಬುತ್ತಿ ಬಿಚ್ಚಿದಾಗ ಹಣ್ಣು ಕೊಯ್ಯುವ ಚಾಕುವಿಗೆ ಗಡಿಯಾರದ ನಿಖರತೆ ಬೇಕೇ ಎಂಬ ಮಾತೂ ಉಂಟು. ಹಣ್ಣು ಕೊಯ್ಯಲು ಬೇಡ. ಬೀಗವಿಲ್ಲದ ಚಾಕು ಬೆರಳ ಮೇಲೆ ಮಡಚಿಕೊಳ್ಳದಂತೆ ಕಾಯುವುದಕ್ಕೆ ಬೇಕು. ಚುಚ್ಚುವ, ಮೀಟುವ ಕೆಲಸಕ್ಕೆ ಇವು ಹೇಳಿ ಮಾಡಿಸಿದವಲ್ಲ. ಆದರೂ ಗಟ್ಟಿ ಚೀಸಿನಲ್ಲಿ ಸಿಕ್ಕಿದ ಅಲಗನ್ನು ಅಲುಗಿಸಿ ಎಳೆಯುವಾಗ ಬಲ ಬೀಳುವುದು ಮುಚ್ಚುವ ದಿಕ್ಕಿಗೇ. ಅಲ್ಲಿ ಸಡಿಲ ಸ್ಪ್ರಿಂಗು ರಕ್ತ ತರಿಸುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರು ಇನ್ನೊಂದು ವಿಷಯ ಗಮನಿಸಬೇಕು: ಅಲ್ಲಿನ 1988ರ ಕಾನೂನು ಸಕಾರಣವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಒಯ್ಯಲು ಬಿಡುವುದು ಮೂರು ಅಂಗುಲ ಮೀರದ ಅಂಚಿನ, ಬೀಗವಿಲ್ಲದ ಮಡಚುವ ಚಾಕುವನ್ನು ಮಾತ್ರ. ಬೀಗದ ಓಪಿನೆಲ್ ಆ ವಿನಾಯಿತಿಗೆ ಒಳಪಡುವುದಿಲ್ಲ. ಸಾಮಾನ್ಯ ಅಳತೆಯ ಲಾಯೋಲ್ ಉದ್ದದಲ್ಲಿ ಸೋಲುತ್ತದೆ.

ಪ್ಯಾರಿಸ್ಸಿಗೆ ಹೋದವರು ಒಂದು ಚಾಕು ತರಬೇಕೆಂದಿದ್ದರೆ ಹೀಗೆ ಮಾಡಿ. ಮಡಚಿದ ಚಾಕುವನ್ನು ಬೆಳಕಿಗೆ ಹಿಡಿದು ಅಲಗು ನಡುವೆ ನಿಂತಿದೆಯೇ, ಮೊನೆ ಹೊರಗೆ ಇಣುಕುತ್ತಿದೆಯೇ ನೋಡಿ. ನಿಧಾನವಾಗಿ ತೆರೆಯಿರಿ, ಸ್ಪ್ರಿಂಗು ಮೊದಲಿಂದ ಕೊನೆವರೆಗೆ ಬೆರಳಿಗೆ ಎದುರು ನಿಲ್ಲಬೇಕು. ತೆರೆದ ಅಲಗನ್ನು ಎಡಬಲಕ್ಕೆ ಒತ್ತಿ ನೋಡಿ, ಅಲುಗಬಾರದು. ಸ್ಪ್ರಿಂಗಿನ ಪಕ್ಕದಲ್ಲಿ ಬೆಳಕು ಕಾಣಬಾರದು. ಅಂಚಿನ ಕಡೆಯಿಂದ ನೋಡಿ, ಎರಡೂ ಮುಖ ಸಮನಾಗಿ ಸಾಣೆಯಾಗಿರಬೇಕು. ಮೆಲ್ಲಗೆ ಮುಚ್ಚಿ. ಇವುಗಳಲ್ಲಿ ಒಂದು ತಪ್ಪಿದರೂ ಕೈಕೆಲಸದ ಮಾತಿಗೆ ಕಿವಿಗೊಡದೆ ಇನ್ನೊಂದು ತೋರಿಸಿ ಎನ್ನಿ. ತೋರಿಸದಿದ್ದರೆ ಹದಿನೈದು ಯೂರೋದ ಓಪಿನೆಲ್ ಕೊಂಡು, ಬರುವಾಗ ವಿಮಾನದ ಚೆಕ್-ಇನ್ ಪೆಟ್ಟಿಗೆಗೆ ಹಾಕಿ.